ಬ್ಲಫ್‌ನ ಪವರ್‌ಹೌಸಿಗೆ ಇರೋ ಹೆಸರು: ಸರ್ ಕೆ. ಶೇಷಾದ್ರಿ ಅಯ್ಯರ್

ಸ್ವಿಚ್‌ಗೇರ್ ಅಂಡ್ ಪ್ರೊಟೆಕ್ಷನ್ ಪೇಪರ್ ಬರೆಯೋ ಹೊತ್ತಿಗೆ ನಾವೆಲ್ಲ ಒಂದಿಷ್ಟು ಹೆಸರುಗಳನ್ನ ಬಾಯಿಪಾಠ ಮಾಡಿರ್ತೀವಿ. ಬುಕೋಲ್ಜ್ ರಿಲೇ, ಪೀಟರ್ಸನ್ ಕಾಯಿಲ್, ಮರ್ಜ್-ಪ್ರೈಸ್ ಸ್ಕೀಮ್. ಎಲ್ಲವೂ ಪರದೇಶದ ಹೆಸರುಗಳೇ. ನಮ್ಮ ಮಂಡ್ಯ ಜಿಲ್ಲೆಯಲ್ಲೇ, ಮಳವಳ್ಳಿ ದಾಟಿ ಮುಂದೆ ಹೋದರೆ ಸಿಗೋ ಬ್ಲಫ್‌ನಲ್ಲಿ, ಒಂದು ಜಲವಿದ್ಯುತ್ ಕೇಂದ್ರ ಇದೆ. ಗಗನಚುಕ್ಕಿ ನೋಡೋಕೆ ಹೋದವರು ದೂರದಿಂದಲೇ ಅದರ ಪೈಪುಗಳನ್ನ ನೋಡಿರ್ತಾರೆ. ಆ ಕೇಂದ್ರಕ್ಕೆ ಇಟ್ಟಿರೋ ಹೆಸರು ಸರ್ ಕೆ. ಶೇಷಾದ್ರಿ ಅಯ್ಯರ್ ಅವರದು. ಬೆಂಗಳೂರಿನ ಶೇಷಾದ್ರಿಪುರಂ, ಶೇಷಾದ್ರಿ ರಸ್ತೆ ಎಲ್ಲರಿಗೂ ಗೊತ್ತು. ಆದರೆ ಆ ಮನುಷ್ಯ ಯಾರು, ಒಂದು ಪವರ್‌ಹೌಸಿಗೆ ಅವರ ಹೆಸರು ಯಾಕೆ ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನ ಸುಮ್ಮನಾಗ್ತೀವಿ.

ಇನ್ನೊಂದು ವಿಷಯ. ಶಿವನಸಮುದ್ರದ ಪವರ್‌ಹೌಸ್ ಕಟ್ಟಿಸಿದ್ದು ವಿಶ್ವೇಶ್ವರಯ್ಯನವರು ಅಂತ ಕ್ಯಾಂಪಸ್‌ನಲ್ಲಿ ಧೈರ್ಯವಾಗಿ ಹೇಳೋರು ಇದ್ದಾರೆ. ಅದು ತಪ್ಪು. ಕೇಂದ್ರ ಶುರುವಾದ 1902ರಲ್ಲಿ ವಿಶ್ವೇಶ್ವರಯ್ಯನವರು ಬೊಂಬಾಯಿ ಪ್ರಾಂತ್ಯದ ನೌಕರಿಯಲ್ಲಿದ್ದರು. ಅವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ. ಶಿವನಸಮುದ್ರದ ಯೋಜನೆಗೆ ಒಪ್ಪಿಗೆ ಕೊಟ್ಟು, ಹಣ ಹಾಕಿ, ಅದರ ಹೊಣೆ ಹೊತ್ತವರು ಒಬ್ಬ ಕಾನೂನು ಪದವೀಧರರು. ಓಮ್ಸ್ ಲಾ ಪರೀಕ್ಷೆ ಬರೆದವರಲ್ಲ. ಅವರ ಕಥೆಯನ್ನ ನಾವು, ಎಂಜಿನಿಯರಿಂಗ್ ಓದ್ತಿರೋರು, ಒಮ್ಮೆ ಓದಲೇಬೇಕು ಅನ್ನೋದು ಕನ್ನಡ ಸಂಘದ ನಮ್ಮೆಲ್ಲರ ಅನಿಸಿಕೆ.

ಪಾಲಕ್ಕಾಡಿನಿಂದ ಅಷ್ಟಗ್ರಾಮಕ್ಕೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡು ಸೀಮೆಯ ಕುಮಾರಪುರದ ಒಂದು ತಮಿಳು ಬ್ರಾಹ್ಮಣ ಮನೆತನದಲ್ಲಿ. ಹೆಸರಿನ ಮುಂದಿರೋ ಕೆ. ಅಂದ್ರೆ ಆ ಕುಮಾರಪುರವೇ. ಕಲ್ಲಿಕೋಟೆಯಲ್ಲಿ ಓದಿ, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಇಂಗ್ಲಿಷ್ ಓದಿದ ಹುಡುಗರಿಗೆ ಮುಂದೆ ಇದ್ದದ್ದು ಹೆಚ್ಚಾಗಿ ಎರಡೇ ದಾರಿ, ಒಂದು ಕೋರ್ಟು, ಇನ್ನೊಂದು ಸರ್ಕಾರಿ ಕಚೇರಿ. ಅಯ್ಯರ್ ಅವರಿಗೆ ಎರಡೂ ಒಟ್ಟಿಗೆ ಸಿಕ್ಕವು.

1868ರಲ್ಲಿ ಅವರು ಮೈಸೂರು ಸಂಸ್ಥಾನದ ನೌಕರಿಗೆ ಸೇರಿದರು. ಅವರನ್ನ ಕರೆತಂದವರು ಮುಂದೆ ದಿವಾನರಾದ ಸಿ. ರಂಗಾಚಾರ್ಲು. ಮೊದಲ ಕೆಲಸ ಅಷ್ಟಗ್ರಾಮ ವಿಭಾಗದ ನ್ಯಾಯಾಂಗ ಕಚೇರಿಯಲ್ಲಿ. ಅಷ್ಟಗ್ರಾಮ ಅಂದ್ರೆ ಆಗಿನ ಮೈಸೂರು, ಹಾಸನ ಜಿಲ್ಲೆಗಳ ಸೀಮೆ. ಮಂಡ್ಯ ಆಗ ಪ್ರತ್ಯೇಕ ಜಿಲ್ಲೆ ಆಗಿರಲಿಲ್ಲ, ಅದು ಆಗಿದ್ದು 1939ರಲ್ಲಿ. ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಗಳೆಲ್ಲ ಮೈಸೂರು ಜಿಲ್ಲೆಯೊಳಗೇ ಇದ್ದವು. ಅಂದ್ರೆ ಇಪ್ಪತ್ತಮೂರರ ಹರೆಯದ ಆ ಗುಮಾಸ್ತೆ ಸಾಹೇಬರು ಕೆಲಸ ಕಲಿತಿದ್ದೇ ನಮ್ಮೂರ ಕಡೆಯ ದಾವೆ, ದಸ್ತಾವೇಜುಗಳ ಮೇಲೆ. ನೌಕರಿಯಲ್ಲಿ ಇದ್ದುಕೊಂಡೇ ಅವರು ಕಾನೂನು ಪದವಿಯನ್ನೂ ಮುಗಿಸಿದರು. ಮುಂದೆ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಹುದ್ದೆವರೆಗೂ ಏರಿದರು.

ಈ ವರ್ಷಗಳ ನಡುವೆ ಬಂದದ್ದು 1876ರಿಂದ 1878ರವರೆಗಿನ ಭೀಕರ ಬರ. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಂದ್ರೆ ಐದು ಜನರಲ್ಲಿ ಒಬ್ಬರು. ಮಳೆ ಒಂದೇ ನಂಬಿಕೊಂಡ ನಾಡು, ಧಾನ್ಯ ಸಾಗಿಸೋಕೆ ಸಾಕಷ್ಟು ರೈಲು ದಾರಿ ಇಲ್ಲ. ಒಂದು ಪೆಟ್ಟು ಬಿದ್ದ ಕೂಡಲೇ ಇಡೀ ವ್ಯವಸ್ಥೆ ಕುಸಿಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕಪ್ ಪ್ರೊಟೆಕ್ಷನ್ ಅನ್ನೋದೇ ಇರಲಿಲ್ಲ. ಆ ತಲೆಮಾರಿನ ಅಧಿಕಾರಿಗಳ ಮನಸ್ಸಿನಿಂದ ಈ ಬರ ಕೊನೆವರೆಗೂ ಹೋಗಲಿಲ್ಲ.

ಹದಿನೆಂಟು ವರ್ಷ ದಿವಾನಗಿರಿ

1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನ ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಕೊಟ್ಟಾಗ ಜೊತೆಗೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲವನ್ನೂ ಕೊಟ್ಟರು. ಅದರ ಮೇಲೆ ವರ್ಷಾವರ್ಷ ಬ್ರಿಟಿಷರಿಗೆ ಕಟ್ಟಬೇಕಾದ ಪೊಗದಿ. ಮೊದಲ ದಿವಾನರಾದ ರಂಗಾಚಾರ್ಲು ಎರಡು ವರ್ಷಕ್ಕೇ, 1883ರಲ್ಲಿ, ತೀರಿಕೊಂಡರು. ಆ ಜಾಗಕ್ಕೆ ಬಂದವರು ಶೇಷಾದ್ರಿ ಅಯ್ಯರ್. ಆಗ ಅವರಿಗೆ ಇನ್ನೂ ಮೂವತ್ತೆಂಟು ತುಂಬಿರಲಿಲ್ಲ. ಅಲ್ಲಿಂದ 1901ರವರೆಗೆ, ಹದಿನೆಂಟು ವರ್ಷ, ಅವರೇ ದಿವಾನರು. ಪೂರ್ಣಯ್ಯನವರನ್ನ ಬಿಟ್ಟರೆ ಮೈಸೂರಿನಲ್ಲಿ ಇಷ್ಟು ದೀರ್ಘ ಕಾಲ ದಿವಾನರಾಗಿದ್ದವರು ಬೇರೆ ಯಾರೂ ಇಲ್ಲ.

ಈ ಅವಧಿಯಲ್ಲಿ ಅವರು ಕೈ ಹಾಕಿದ ಕೆಲಸಗಳ ಪಟ್ಟಿ ನೋಡಿದರೆ ಒಂದು ಮಾತು ಸ್ಪಷ್ಟವಾಗತ್ತೆ, ಬರ ಮತ್ತೆ ಬಂದರೆ ನಾಡು ತಡೆದುಕೊಳ್ಳಬೇಕು. ರೈಲು ದಾರಿ ತುಮಕೂರು, ತಿಪಟೂರಿನ ಮೇಲೆ ಹರಿಹರದ ಕಡೆಗೆ ಬೆಳೆಯಿತು. ಕೆರೆ, ಕಾಲುವೆಗಳ ದುರಸ್ತಿ ನಡೆಯಿತು. ಚಿತ್ರದುರ್ಗ ಸೀಮೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು 1898ರಲ್ಲಿ ಶುರುವಾಯಿತು, ಇಂದು ನಾವು ವಾಣಿವಿಲಾಸ ಸಾಗರ ಅನ್ನೋದು ಅದನ್ನೇ. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. ನೀರೆತ್ತೋ ಪಂಪುಗಳು ಆಗ ಉಗಿಯಿಂದ ಓಡ್ತಿದ್ದವು. 1894ರಲ್ಲಿ ಭೂವಿಜ್ಞಾನ ಇಲಾಖೆ ಶುರುವಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಊರು ಕಿಕ್ಕಿರಿದ ಪೇಟೆಯಿಂದ ಆಚೆಗೆ ಬೆಳೆಯೋದು ಅನಿವಾರ್ಯವಾಯಿತು, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು.

ಅವರ ಮೇಲೆ ದೂರುಗಳೂ ಇದ್ದವು, ಅದನ್ನ ಮುಚ್ಚಿಡೋದು ಸರಿಯಲ್ಲ. ದೊಡ್ಡ ಹುದ್ದೆಗಳಿಗೆಲ್ಲ ಮದ್ರಾಸ್ ಕಡೆಯವರನ್ನೇ ತುಂಬುತ್ತಾರೆ, ಮೈಸೂರಿನವರಿಗೆ ಅವಕಾಶ ಇಲ್ಲ ಅನ್ನೋ ಸಿಟ್ಟು ಇಲ್ಲಿನ ವಿದ್ಯಾವಂತರಲ್ಲಿ ಬಲವಾಗಿತ್ತು. ಎಲ್ಲವನ್ನೂ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಳ್ಳೋ ಸ್ವಭಾವ ಅಂತ ಪತ್ರಿಕೆಗಳು ಟೀಕಿಸಿದವು. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಯುವರಾಜರು ಇನ್ನೂ ಹುಡುಗ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು. ದಿವಾನರ ಕೈಯಲ್ಲಿ ಅಧಿಕಾರ ಇನ್ನೂ ಹೆಚ್ಚಾಗಿ ಸೇರಿತು. ಶಿವನಸಮುದ್ರದ ತೀರ್ಮಾನ ಆಗಿದ್ದು ಈ ಕಾಲದಲ್ಲೇ.

ಚಿನ್ನದ ಗಣಿ ಒಂದು ಕಡೆ, ಜಲಪಾತ ಇನ್ನೊಂದು ಕಡೆ

ಕೋಲಾರದ ಚಿನ್ನದ ಗಣಿಗಳು 1880ರ ದಶಕದಲ್ಲಿ ಜೀವ ಹಿಡಿದವು. ನಡೆಸುತ್ತಿದ್ದವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ತೆಗೆದ ಚಿನ್ನದ ಮೇಲೆ ಶೇ. 5ರಷ್ಟು ರಾಜಧನ ಮೈಸೂರು ಖಜಾನೆಗೆ ಬರ್ತಿತ್ತು. ಗಣಿಯಲ್ಲಿ ಎಲ್ಲವೂ ಉಗಿಯಂತ್ರದಿಂದ ನಡೀಬೇಕು. ಅದಿರು ಪುಡಿ ಮಾಡೋಕೆ, ಗಾಳಿ ಒತ್ತೋಕೆ, ನೀರೆತ್ತೋಕೆ, ಎಲ್ಲಕ್ಕೂ ಸೌದೆ ಅಥವಾ ಕಲ್ಲಿದ್ದಲು. ಸುತ್ತಲಿನ ಕಾಡು ಎಷ್ಟು ದಿನ ಬಂದೀತು? ಕಲ್ಲಿದ್ದಲು ನಮ್ಮ ನೆಲದಲ್ಲಿ ಇಲ್ಲ, ದೂರದಿಂದ ತರಿಸಬೇಕು, ದುಬಾರಿ.

ಇನ್ನೊಂದು ಕಡೆ ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಬೀಳುತ್ತಿದ್ದಳು. ಪವರ್‌ಹೌಸಿನ ಜಾಗಕ್ಕೆ ಸಿಗೋ ಎತ್ತರ ಸುಮಾರು 400 ಅಡಿ. ಜಲಪಾತ ಇರೋ ಜಾಗದಲ್ಲಿ ಗಿರಾಕಿ ಇಲ್ಲ, ಗಿರಾಕಿ ಇರೋ ಜಾಗ 92 ಮೈಲಿ ದೂರ, ಅಂದ್ರೆ ಸುಮಾರು 147 ಕಿಲೋಮೀಟರ್.

ಆ ಹೊತ್ತಿಗೆ ಪ್ರಪಂಚದಲ್ಲಿ ಏನಾಗಿತ್ತು ಅನ್ನೋದನ್ನೂ ಸ್ವಲ್ಪ ನೋಡೋಣ. 1891ರಲ್ಲಿ ಜರ್ಮನಿಯಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟಿಗೆ ಸುಮಾರು 175 ಕಿಲೋಮೀಟರ್ ದೂರ ಮೂರು ಫೇಸ್ ವಿದ್ಯುತ್ ಕಳಿಸಿ ತೋರಿಸಿದ್ದರು, ಆದರೆ ಅದು ವಸ್ತುಪ್ರದರ್ಶನಕ್ಕಾಗಿ ಮಾಡಿದ್ದು. 1896ರಲ್ಲಿ ನಯಾಗರದಿಂದ ಬಫಲೋಗೆ ವಿದ್ಯುತ್ ಹೋಯಿತು, ಆ ದೂರ 42 ಕಿಲೋಮೀಟರ್ ಅಷ್ಟೇ. ಭಾರತದಲ್ಲಿ 1897ರಲ್ಲಿ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 130 ಕಿಲೋವ್ಯಾಟಿನ ಪುಟ್ಟ ಕೇಂದ್ರ ಬಂದಿತ್ತು. ಹಾಗಾಗಿ ಭಾರತದ ಮೊತ್ತಮೊದಲ ಜಲವಿದ್ಯುತ್ ಕೇಂದ್ರ ನಮ್ಮದೇ ಅಂತ ಕ್ವಿಜ್‌ನಲ್ಲಿ ಹೇಳಿದ್ರೆ ಪಾಯಿಂಟ್ ಹೋಗತ್ತೆ. ದೊಡ್ಡ ಪ್ರಮಾಣದಲ್ಲಿ ಮಾಡಿ, ಅಷ್ಟು ದೂರ ಸಾಗಿಸಿ, ಉದ್ಯಮಕ್ಕೆ ಮಾರಿದ್ದರಲ್ಲಿ ಶಿವನಸಮುದ್ರ ಮೊದಲನೆಯದು ಅಂದ್ರೆ ಸರಿ.

ವಕೀಲರು ಹಾಕಿದ ರಕ್ಷಣೆ

ಈ ಯೋಜನೆಯ ಹಿಂದೆ ಇದ್ದ ಎಂಜಿನಿಯರ್ ಎ. ಸಿ. ಜೋಲಿ ದ ಲೋಟ್‌ಬಿನಿಯೇರ್. ಕೆನಡಾದವರು, ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿ, ಮೈಸೂರು ಲೋಕೋಪಯೋಗಿ ಇಲಾಖೆಯ ಡೆಪ್ಯುಟಿ ಚೀಫ್ ಎಂಜಿನಿಯರ್. ಜಲಪಾತದಿಂದ ಗಣಿಗೆ ವಿದ್ಯುತ್ ಕಳಿಸಬಹುದು ಅನ್ನೋದು ಅವರ ಲೆಕ್ಕ. ಲೆಕ್ಕ ಮಾಡೋದು ಎಂಜಿನಿಯರ್ ಕೆಲಸ. ಆ ಲೆಕ್ಕವನ್ನ ನಂಬಿ, ಬರದಿಂದ ಚೇತರಿಸಿಕೊಂಡು ಆಗಷ್ಟೇ ಕಾಲೂರಿದ್ದ ಸಂಸ್ಥಾನದ ಹಣವನ್ನ ಹೂಡಬೇಕಾದವರು ದಿವಾನರು. ತಪ್ಪಾದರೆ ಜನ ಬೈಯೋದು ದಿವಾನರನ್ನೇ.

ಅಯ್ಯರ್ ಅವರು ಏನು ಮಾಡಿದರು ಅನ್ನೋದನ್ನ ನಮ್ಮ ಸಿಲೆಬಸ್ಸಿನ ಕಣ್ಣಿಂದ ನೋಡೋಣ. ಪ್ರೊಟೆಕ್ಷನ್ ಎಂಜಿನಿಯರ್ ಮೊದಲು ಕೇಳೋ ಪ್ರಶ್ನೆ, ಎಲ್ಲೆಲ್ಲಿ ಕೆಡಬಹುದು? ಆಮೇಲಿನ ಪ್ರಶ್ನೆ, ಕೆಟ್ಟರೆ ಹಾನಿ ಎಷ್ಟರಲ್ಲಿ ನಿಲ್ಲಬೇಕು? ದಿವಾನರು ಯೋಜನೆಯನ್ನ ಹೀಗೇ ಬಿಡಿಸಿದರು.

ಮೊದಲನೆಯದು, ತಂತ್ರಜ್ಞಾನ ಕೈಕೊಟ್ಟರೆ? ಅದಕ್ಕಾಗಿ 1899ರಲ್ಲಿ ಲೋಟ್‌ಬಿನಿಯೇರ್ ಅವರನ್ನ ಯುರೋಪ್, ಅಮೆರಿಕಕ್ಕೆ ಕಳಿಸಿದರು. ಓಡುತ್ತಿರೋ ಕೇಂದ್ರಗಳನ್ನ ಕಣ್ಣಾರೆ ನೋಡಿ, ತಯಾರಕರ ಜೊತೆ ಮಾತಾಡಿ ಬರಲಿ ಅಂತ. ವಿದ್ಯುತ್ ಯಂತ್ರಗಳ ಕೆಲಸ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಹೋಯಿತು, ಟರ್ಬೈನುಗಳು ಜ್ಯೂರಿಕ್‌ನ ಎಶರ್ ವಿಸ್ ಕಂಪನಿಯಿಂದ ಬಂದವು. ಬ್ರಿಟಿಷರ ನೆರಳಿನಲ್ಲಿದ್ದ ಸಂಸ್ಥಾನವೊಂದು ಇಂಗ್ಲೆಂಡನ್ನ ಬಿಟ್ಟು ಅಮೆರಿಕ, ಸ್ವಿಟ್ಜರ್‌ಲ್ಯಾಂಡಿನಿಂದ ಮಾಲು ತರಿಸಿತು ಅನ್ನೋದನ್ನ ಗಮನಿಸಿ. ಆಗ ದೂರದ ಸಾಗಣೆಯ ಅನುಭವ ಹೆಚ್ಚಾಗಿ ಇದ್ದದ್ದು ಅಲ್ಲೇ.

ಎರಡನೆಯದು, ಮಾಡಿದ ಕರೆಂಟ್ ಯಾರೂ ಕೊಳ್ಳದೇ ಹೋದರೆ? ಕಂಬ ನೆಡುವ ಮೊದಲೇ ಜಾನ್ ಟೇಲರ್ ಕಂಪನಿಯ ಜೊತೆ ಕರಾರು ಆಯಿತು. 4,000 ಅಶ್ವಶಕ್ತಿ ಗಣಿಗಳಿಗೆ, ಅದೂ ವರ್ಷಗಟ್ಟಲೆ ಅವಧಿಗೆ. ಮೊದಲಿಗೆ ದರ ಹೆಚ್ಚು, ಮುಂದೆ ಹೋಗ್ತಾ ಕಡಿಮೆ. ಹೂಡಿದ ಹಣ ಬೇಗ ವಾಪಸ್ ಬರೋ ಹಾಗೆ ಇದನ್ನ ಹೆಣೆದಿದ್ದರು. ಈಗಿನ ಕಂಪನಿಗಳು ಪವರ್ ಪರ್ಚೇಸ್ ಅಗ್ರಿಮೆಂಟ್ ಅಂತಾರಲ್ಲ, ಇದೂ ಅದೇ ಜಾತಿಯದು.

ಮೂರನೆಯದು, ನೀರಿನ ತಕರಾರು. ಇದು ನಮಗೆ ಇವತ್ತು ಹೊಳೆಯೋದೇ ಇಲ್ಲ. ಶಿವನಸಮುದ್ರದಲ್ಲಿ ಆಗ ಕಾವೇರಿಯೇ ಗಡಿ. ಈ ದಡ ಮೈಸೂರಿನದು, ಆ ದಡದ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಬಂದಿದ್ದು 1956ರಲ್ಲಿ. ಹಾಗಾಗಿ ಮದ್ರಾಸಿನವರ, ಅವರ ಮೇಲಿನ ಬ್ರಿಟಿಷ್ ಸರ್ಕಾರದವರ ಒಪ್ಪಿಗೆ ಇಲ್ಲದೆ ನದಿಗೆ ಕೈ ಹಾಕೋ ಹಾಗಿರಲಿಲ್ಲ. ಟರ್ಬೈನ್ ತಿರುಗಿಸಿದ ನೀರು ಎಲ್ಲೂ ಖರ್ಚಾಗಲ್ಲ, ಮತ್ತೆ ನದಿಗೇ ಬಂದು ಸೇರತ್ತೆ ಅನ್ನೋದು ಮೈಸೂರಿನ ಪರವಾಗಿದ್ದ ಗಟ್ಟಿ ಅಂಶ. ದಸ್ತಾವೇಜಿನ ಕೆಲಸದಲ್ಲಿ ಪಳಗಿದ್ದ ದಿವಾನರಿಗೆ ಈ ಪತ್ರವ್ಯವಹಾರ ಹೊಸದಾಗಿರಲಿಲ್ಲ.

ನಾಲ್ಕನೆಯದು, ಮಾಲೀಕರು ಯಾರು? ಜಲಪಾತವನ್ನ ಯಾವುದೋ ಕಂಪನಿಗೆ ಗುತ್ತಿಗೆಗೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಸಂಸ್ಥಾನವೇ ಕಟ್ಟಿತು, ಸಂಸ್ಥಾನವೇ ನಡೆಸಿತು. ರಿಸ್ಕ್ ಹೆಚ್ಚು, ಆದರೆ ಲಾಭ ಬಂದಾಗ ಅದು ಖಜಾನೆಗೇ ಬಂತು. ಹೆಚ್ಚು ಚಿನ್ನ ತೆಗೆದಷ್ಟೂ ರಾಜಧನವೂ ಹೆಚ್ಚು.

ಮದ್ದೂರಿನಲ್ಲಿ ಇಳಿದ ಪೆಟ್ಟಿಗೆಗಳು

1900ರ ಹೊತ್ತಿಗೆ ಕೆಲಸ ಶುರು. ಬೆಂಗಳೂರು-ಮೈಸೂರು ರೈಲು ದಾರಿ ಅದಾಗಲೇ ಇತ್ತು, ಜಲಪಾತಕ್ಕೆ ಅನುಕೂಲವಾದ ಸ್ಟೇಷನ್ ಮದ್ದೂರು. ಇವತ್ತು ನಾವು ವಡೆಗಾಗಿ ಇಳಿಯೋ ಅದೇ ಮದ್ದೂರು. ಹಡಗಿನಲ್ಲಿ ಬಂದ ಟರ್ಬೈನ್, ಜನರೇಟರ್, ಟ್ರಾನ್ಸ್‌ಫಾರ್ಮರ್ ಭಾಗಗಳು ರೈಲಿನಲ್ಲಿ ಮದ್ದೂರಿಗೆ, ಅಲ್ಲಿಂದ ಮಳವಳ್ಳಿ ಹಾದಿಯಲ್ಲಿ ಶಿವನಸಮುದ್ರಕ್ಕೆ. ಲಾರಿ ಇಲ್ಲದ ಕಾಲ. ಎತ್ತಿನ ಗಾಡಿ, ಆನೆಗಳೇ ಗತಿ. ಒಂದೊಂದು ಕಬ್ಬಿಣದ ತುಂಡು ಎಷ್ಟು ಭಾರ ಇರಬಹುದು, ಮಳೆಗಾಲದಲ್ಲಿ ಮಣ್ಣಿನ ರಸ್ತೆ ಹೇಗಿರಬಹುದು ಅನ್ನೋದನ್ನ ಆ ದಾರಿಯಲ್ಲಿ ಬೈಕ್ ಓಡಿಸಿದೋರು ಊಹಿಸಬಲ್ಲರು. ಕೆಲಸದ ಜಾಗವೂ ಸುಖದ್ದಲ್ಲ. ಕಾಡು, ಕಮರಿ, ಮಲೇರಿಯಾ ಜ್ವರಕ್ಕೆ ಹೆಸರಾದ ಕಣಿವೆ. ಗಾಡಿ ಹೊಡೆದವರ, ಬಂಡೆ ಒಡೆದವರ, ಪೈಪು ಇಳಿಸಿದವರ ಹೆಸರು ಯಾವ ಪವರ್‌ಹೌಸಿಗೂ ಇಟ್ಟಿಲ್ಲ.

ಮೇಲಿನಿಂದ ನದಿಯ ನೀರನ್ನ ಕಾಲುವೆಗೆ ತಿರುಗಿಸಿ, ಕಮರಿಯ ಅಂಚಿಗೆ ತಂದು, ಅಲ್ಲಿಂದ ಕೊಳವೆಗಳಲ್ಲಿ ಕೆಳಕ್ಕೆ ಬಿಟ್ಟು ಟರ್ಬೈನ್ ತಿರುಗಿಸೋದು ಯೋಜನೆ. ಮೊದಲ ಹಂತದಲ್ಲಿ 720 ಕಿಲೋವ್ಯಾಟಿನ ಆರು ಯಂತ್ರಗಳು, ಒಟ್ಟು 4,320 ಕಿಲೋವ್ಯಾಟ್. ಇವತ್ತಿನ ಒಂದು ಸಾಧಾರಣ ಸೋಲಾರ್ ಪಾರ್ಕು ಇದಕ್ಕಿಂತ ದೊಡ್ಡದಿರತ್ತೆ. ಆದರೆ ಅದನ್ನ 147 ಕಿಲೋಮೀಟರ್ ದಾಟಿಸಿದ ಬಗೆ ಹೇಗೆ?

ಸ್ವಲ್ಪ ಲೆಕ್ಕ, ಸ್ವಲ್ಪ ಕಿಡಿ

ಪೆನ್ ತೆಗೀರಿ. 4,000 ಅಶ್ವಶಕ್ತಿ ಅಂದ್ರೆ ಸುಮಾರು 2,984 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ ಒಂದು ಅಂತ ಇಟ್ಟುಕೊಳ್ಳಿ. 2,000 ವೋಲ್ಟಿನಲ್ಲಿ ಇದನ್ನ ಕಳಿಸಿದ್ರೆ ತಂತಿಯಲ್ಲಿ ಹರಿಯೋದು ಸುಮಾರು 861 ಆಂಪಿಯರ್. ಶಿವನಸಮುದ್ರದ ಲೈನಿಗೆ ಆರಿಸಿದ್ದು 35,000 ವೋಲ್ಟ್. ಅದರಲ್ಲಿ ಹರಿಯೋದು ಸುಮಾರು 49 ಆಂಪಿಯರ್ ಅಷ್ಟೇ. ಅದೇ ತಂತಿ ಬಳಸಿದರೆ ನಷ್ಟ 300 ಪಟ್ಟು ಕಡಿಮೆ. ಎಚ್‌ಟಿ ಲೈನ್ ಯಾಕೆ ಅಂತ ವೈವಾದಲ್ಲಿ ಕೇಳಿದ್ರೆ ಈ ಉದಾಹರಣೆಯನ್ನೇ ಹೇಳಬಹುದು.

ವೋಲ್ಟೇಜ್ ಏರಿದ ಹಾಗೆ ಇನ್ನೊಂದು ತಲೆನೋವು ಶುರುವಾಗತ್ತೆ. ಸ್ವಿಚ್ ತೆಗೆದ ಕೂಡಲೇ ಕರೆಂಟ್ ನಿಲ್ಲಲ್ಲ, ಎರಡು ಕಾಂಟ್ಯಾಕ್ಟ್‌ಗಳ ನಡುವೆ ಆರ್ಕ್ ಹೊತ್ತಿಕೊಂಡು ಗಾಳಿಯಲ್ಲೇ ಹರೀತಾ ಇರತ್ತೆ. ಮನೆಯ ಸ್ವಿಚ್ಚಿನಲ್ಲಿ ಅದು ಕಣ್ಣು ಮಿಟುಕಿಸೋದರೊಳಗೆ ಆರಿಹೋಗೋ ಕಿಡಿ. 35,000 ವೋಲ್ಟಿನಲ್ಲಿ ಅದು ತಾಮ್ರವನ್ನೇ ಕರಗಿಸೋ ಬೆಂಕಿ. ಎಸಿ ಕರೆಂಟಿನ ಒಂದು ಪುಣ್ಯ ಅಂದ್ರೆ ಅದು ಪ್ರತಿ ಅರ್ಧ ಸೈಕಲ್‌ಗೆ ಒಮ್ಮೆ ಸೊನ್ನೆಗೆ ಬರತ್ತೆ. ಆ ಕ್ಷಣದಲ್ಲಿ ಕಾಂಟ್ಯಾಕ್ಟ್‌ಗಳ ನಡುವಿನ ಜಾಗವನ್ನ ತಣ್ಣಗೆ ಮಾಡಿಬಿಟ್ಟರೆ ಆರ್ಕ್ ಮತ್ತೆ ಹೊತ್ತಿಕೊಳ್ಳಲ್ಲ. ಶಿವನಸಮುದ್ರದ ಯಂತ್ರಗಳು ಓಡ್ತಿದ್ದದ್ದು 25 ಸೈಕಲ್ಲಿನಲ್ಲಿ. ಅಂದ್ರೆ ಸೊನ್ನೆ ಬರೋದು 20 ಮಿಲಿಸೆಕೆಂಡಿಗೆ ಒಮ್ಮೆ. ನಮ್ಮ ಈಗಿನ 50 ಸೈಕಲ್ಲಿನಲ್ಲಿ 10 ಮಿಲಿಸೆಕೆಂಡಿಗೆ ಒಮ್ಮೆ. ಆಗಿನ ಸ್ವಿಚ್ಚು ಆರ್ಕನ್ನ ಆರಿಸೋ ಅವಕಾಶಕ್ಕಾಗಿ ಎರಡರಷ್ಟು ಹೊತ್ತು ಕಾಯಬೇಕಿತ್ತು.

ಆ ಕಾಲದ ಎಂಜಿನಿಯರುಗಳು ಕಂಡುಕೊಂಡ ಉಪಾಯ ಎಣ್ಣೆ. ಕಾಂಟ್ಯಾಕ್ಟ್‌ಗಳನ್ನ ಎಣ್ಣೆಯೊಳಗೆ ಮುಳುಗಿಸಿದರೆ ಆರ್ಕಿನ ಶಾಖಕ್ಕೆ ಎಣ್ಣೆ ಒಡೆದು ಹೈಡ್ರೋಜನ್ ಅನಿಲ ಏಳತ್ತೆ. ಹೈಡ್ರೋಜನ್ ಶಾಖವನ್ನ ಬೇಗ ಎಳೆದುಕೊಳ್ಳತ್ತೆ, ಆರ್ಕ್ ತಣ್ಣಗಾಗತ್ತೆ. 1900ರ ಆಸುಪಾಸಿನಲ್ಲಿ ದೊಡ್ಡ ವೋಲ್ಟೇಜಿಗೆ ಎಣ್ಣೆ ಸ್ವಿಚ್ಚುಗಳೇ ಹೊಸ ಆಸರೆ. ಈಗ ಆ ಜಾಗಕ್ಕೆ ಎಸ್‌ಎಫ್6, ವ್ಯಾಕ್ಯೂಮ್ ಬಂದಿವೆ, ಆದರೆ ಸೂತ್ರ ಅದೇ.

ಇನ್ನು ಗುಡುಗು, ಸಿಡಿಲು. ಮುಂಗಾರಿಗೆ ಮೊದಲು ನಮ್ಮ ಕಡೆ ಬರೋ ಸಿಡಿಲಿನ ಮಳೆ ಗೊತ್ತಲ್ಲ, 147 ಕಿಲೋಮೀಟರ್ ಬಯಲಲ್ಲಿ ನಿಂತ ತಂತಿಗೆ ಅದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಆಗಿನ ಅರೆಸ್ಟರ್‌ಗಳಲ್ಲಿ ಹಾರ್ನ್ ಗ್ಯಾಪ್ ಒಂದು ಸರಳ ಬಗೆ. ಎತ್ತಿನ ಕೊಂಬಿನ ಹಾಗೆ ಮೇಲಕ್ಕೆ ಅಗಲವಾಗೋ ಎರಡು ಸರಳು. ಸಿಡಿಲಿನ ವೋಲ್ಟೇಜ್ ಕೆಳಗಿನ ಸಣ್ಣ ಸಂದಿಯನ್ನ ಹಾರಿ ನೆಲಕ್ಕೆ ಹೋಗತ್ತೆ. ಹಿಂದೆಯೇ ಹೊತ್ತಿಕೊಂಡ ಆರ್ಕ್ ಬಿಸಿಗೆ ಮೇಲೇರಿ, ಹಿಗ್ಗಿ ಹಿಗ್ಗಿ ತಾನೇ ತುಂಡಾಗತ್ತೆ. ನಾವೀಗ ಟವರಿನಲ್ಲಿ ನೋಡೋ ಬಳೆ ಬಳೆಯಾಗಿ ತೂಗೋ ಡಿಸ್ಕ್ ಇನ್ಸುಲೇಟರ್ ಅಮೆರಿಕದಲ್ಲಿ ಬಂದಿದ್ದೇ 1907ರಲ್ಲಿ. ಅಂದ್ರೆ 1902ರ ಲೈನು ನಿಂತಿದ್ದದ್ದು ಕಂಬದ ಮೇಲೆ ಕೂರಿಸಿದ ಪಿಂಗಾಣಿ ಪಿನ್ ಇನ್ಸುಲೇಟರುಗಳ ಮೇಲೆ. ಫಾಲ್ಟ್ ಎಲ್ಲಿದೆ ಅಂತ ಮಿಲಿಸೆಕೆಂಡಿನಲ್ಲಿ ಹೇಳೋ ನ್ಯೂಮರಿಕಲ್ ರಿಲೇ ಕನಸಿನಲ್ಲೂ ಇಲ್ಲ. ಮೀಟರ್ ಮುಂದೆ ಕೂತ ಆಪರೇಟರ್‌ನ ಕಣ್ಣು, ಕೈಗಳೇ ಬಹಳ ಮಟ್ಟಿಗೆ ರಿಲೇ.

ಇದೆಲ್ಲ ಯಾರಿಗೆ ಮುಖ್ಯ? ಗಣಿಯೊಳಗೆ ಇಳಿದ ಕೂಲಿಯವನಿಗೆ. ನೆಲದಡಿಯಲ್ಲಿ ನೀರೆತ್ತೋದು ನಿಂತರೆ, ಗಾಳಿ ನಿಂತರೆ, ಮೇಲೆಳೆಯೋ ಯಂತ್ರ ನಿಂತರೆ ಅದು ಮನೆಯಲ್ಲಿ ಕರೆಂಟ್ ಹೋದ ಹಾಗಲ್ಲ. ಪ್ರೊಟೆಕ್ಷನ್ ಪಾಠದಲ್ಲಿ ರಿಲಯಬಿಲಿಟಿ, ಸೆಲೆಕ್ಟಿವಿಟಿ ಅಂತ ಎರಡು ಅಂಕಕ್ಕೆ ಬರೆಯೋ ಪದಗಳ ಹಿಂದೆ ಇಂಥ ಮನುಷ್ಯರು ಇರ್ತಾರೆ.

ಒಂಬತ್ತು ತಿಂಗಳ ಅಂತರ

ದಿವಾನರ ಆರೋಗ್ಯ ಅಷ್ಟರಲ್ಲಿ ಕೈಕೊಟ್ಟಿತ್ತು. 1901ರ ಮಾರ್ಚ್‌ನಲ್ಲಿ ಅವರು ಅಧಿಕಾರ ಬಿಟ್ಟರು. ಸೆಪ್ಟೆಂಬರ್ 13ರಂದು ತೀರಿಕೊಂಡರು. ಐವತ್ತಾರು ವಯಸ್ಸು. ಆಗ ಬ್ಲಫ್‌ನಲ್ಲಿ ಕೆಲಸ ಇನ್ನೂ ನಡೀತಿತ್ತು. ಒಂದು ಯಂತ್ರವೂ ಗಣಿಗೆ ಕರೆಂಟ್ ಕಳಿಸಿರಲಿಲ್ಲ.

ಅವರ ನಂತರ ಟಿ. ಆರ್. ಎ. ತಂಬುಚೆಟ್ಟಿಯವರು ಹಂಗಾಮಿಯಾಗಿ, ಆಮೇಲೆ ಪೂರ್ಣಯ್ಯನವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು ದಿವಾನರಾದರು. ದೊಡ್ಡ ಅಧಿಕಾರಿ ಹೋದ ಮೇಲೆ ಅವರು ಶುರು ಮಾಡಿದ ಯೋಜನೆ ಅರ್ಧಕ್ಕೆ ನಿಲ್ಲೋದನ್ನ ನಾವು ಎಷ್ಟೋ ಕಡೆ ನೋಡಿದೀವಿ. ಇಲ್ಲಿ ಹಾಗಾಗಲಿಲ್ಲ. ಗಿರಾಕಿಯ ಕರಾರು ಆಗಿತ್ತು, ಯಂತ್ರಗಳ ಕಂಟ್ರಾಕ್ಟ್ ಆಗಿತ್ತು, ನದಿಯ ಒಪ್ಪಿಗೆ ಆಗಿತ್ತು, ಕೆಲಸ ಬಲ್ಲ ಎಂಜಿನಿಯರ್ ಜಾಗದಲ್ಲೇ ಇದ್ದರು. ಒಬ್ಬ ಮನುಷ್ಯ ಇಲ್ಲವಾದರೂ ಲೈನು ಟ್ರಿಪ್ ಆಗದ ಹಾಗೆ ಎಲ್ಲವನ್ನೂ ಜೋಡಿಸಿಟ್ಟಿದ್ದರು. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿಯಿತು. ಅದೇ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು.

ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರ ಆಗಸ್ಟ್ 5ರಂದು. ಮೈಸೂರಿಗೆ ಅದರ ನಂತರ. ಲೋಟ್‌ಬಿನಿಯೇರ್ ಮುಂದೆ ಕಾಶ್ಮೀರಕ್ಕೆ ಹೋಗಿ ಝೇಲಂ ನದಿಯ ಮೊಹೊರಾ ಕೇಂದ್ರವನ್ನ ಕಟ್ಟಿದರು.

ತಂತಿಯ ಕೆಳಗಿನ ಊರುಗಳು

ಹೊಗಳಿ ಮುಗಿಸಿದರೆ ಕಥೆ ಅರ್ಧ ಆಗತ್ತೆ. ಮಳವಳ್ಳಿ ಸೀಮೆಯ ನೀರಿನಿಂದ ಹುಟ್ಟಿದ ಕರೆಂಟ್ ಮೊದಲು ಹೋಗಿದ್ದು ಲಂಡನ್ ಕಂಪನಿಗಳ ಗಣಿಗೆ, ಆಮೇಲೆ ಬೆಂಗಳೂರು, ಮೈಸೂರಿಗೆ. ಪವರ್‌ಹೌಸಿನ ಸುತ್ತಲಿನ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಆರೋಕೆ ದಶಕಗಳೇ ಬೇಕಾದವು. ಕಾರಣ ಲೆಕ್ಕದ್ದೇ, ದೊಡ್ಡ ಗಿರಾಕಿ ಇರೋ ಕಡೆ ಲೈನು ಎಳೆದರೆ ಹಣ ವಾಪಸ್ ಬರತ್ತೆ, ಹಳ್ಳಿಗೆ ಎಳೆದರೆ ಬರಲ್ಲ. ಆ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದರಿಂದ ಯಾರು ಕತ್ತಲಲ್ಲಿ ಉಳಿದರು ಅನ್ನೋದನ್ನ ಮಂಡ್ಯದ ನಾವು ಮರೆಯಬಾರದು.

ಇನ್ನೊಂದು ಕೊರತೆ ನೀರಿನದು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಟರ್ಬೈನ್ ಸೊರಗುತ್ತಿತ್ತು, ಗಣಿಯ ಬೇಡಿಕೆ ಮಾತ್ರ ಏರುತ್ತಲೇ ಇತ್ತು. ವರ್ಷವಿಡೀ ಶಿವನಸಮುದ್ರಕ್ಕೆ ನೀರು ಸಿಗಬೇಕು ಅನ್ನೋದು 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಮುಖ್ಯ ಉದ್ದೇಶಗಳಲ್ಲಿ ಒಂದು. ವಿಶ್ವೇಶ್ವರಯ್ಯನವರ ಹೆಸರು ಈ ಕಥೆಗೆ ಸೇರೋದು ಇಲ್ಲಿ. ಆ ಕಟ್ಟೆಯಿಂದ ಮುಂದೆ ನಾಲೆ ಬಂತು, ಗದ್ದೆ ಬಂತು, ಕಬ್ಬು ಬಂತು, 1930ರ ದಶಕದಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಪವರ್‌ಹೌಸಿಗಾಗಿ ಹುಡುಕಿದ ನೀರು ಕೊನೆಗೆ ನಮ್ಮ ಅಜ್ಜಂದಿರ ಗದ್ದೆಗೂ ಹರಿಯಿತು.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಇದೆ, 1913ರಲ್ಲಿ ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಅದರ ಹಿಂದಿರೋ ಕೆಂಪು ಬಣ್ಣದ ಸ್ಮಾರಕ ಭವನದಲ್ಲಿ ಇವತ್ತು ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಗೇಟ್, ಐಇಎಸ್ ಪುಸ್ತಕ ಹಿಡಿದು ಅಲ್ಲಿ ಕೂತು ಓದಿದ ಸೀನಿಯರ್‌ಗಳು ನಮ್ಮಲ್ಲೂ ಇದ್ದಾರೆ.

ಬ್ಲಫ್‌ನ ಕೇಂದ್ರ ಈಗಲೂ ಇದೆ. ಮೊದಲಿನ ಯಂತ್ರಗಳು ಬದಲಾದವು. ಈಗ 3 ಮೆಗಾವ್ಯಾಟಿನ ಆರು, 6 ಮೆಗಾವ್ಯಾಟಿನ ನಾಲ್ಕು, ಒಟ್ಟು 42 ಮೆಗಾವ್ಯಾಟ್ ಸಾಮರ್ಥ್ಯ. ಕರ್ನಾಟಕದ ಗ್ರಿಡ್‌ನಲ್ಲಿ ಇದು ಸಾಸಿವೆ ಕಾಳಿನಷ್ಟು. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ಯಾವ ಗಿರಾಕಿಗಾಗಿ ಈ ಲೈನು ಎಳೆದರೋ ಆ ಗಿರಾಕಿಯೇ ಇಲ್ಲ, ಪವರ್‌ಹೌಸ್ ಮಾತ್ರ ನೂರಿಪ್ಪತ್ತು ವರ್ಷ ದಾಟಿದೆ.

ಮುಂದಿನ ಸಲ ಗಗನಚುಕ್ಕಿಗೆ ಟ್ರಿಪ್ ಹಾಕಿದಾಗ ಒಂದು ಕೆಲಸ ಮಾಡಿ. ಮೊದಲೇ ಡಿಪಾರ್ಟ್‌ಮೆಂಟ್ ಮೂಲಕ ಪತ್ರ ಬರೆದು ಪವರ್‌ಹೌಸ್ ನೋಡೋಕೆ ಅನುಮತಿ ಕೇಳಿ, ಅನುಮತಿ ಇಲ್ಲದೆ ಒಳಗೆ ಬಿಡಲ್ಲ. ಹೋಗುವಾಗ ಮದ್ದೂರು ಸ್ಟೇಷನ್ ಕಡೆಯಿಂದ ಮಳವಳ್ಳಿ ರಸ್ತೆಯಲ್ಲೇ ಹೋಗಿ, ಆ ಪೆಟ್ಟಿಗೆಗಳು ಹೋದ ದಾರಿಯಲ್ಲಿ. ಈ ವರ್ಷದ ಇಂಡಸ್ಟ್ರಿಯಲ್ ವಿಸಿಟ್ ಪಟ್ಟಿಗೆ ಬ್ಲಫ್ ಸೇರಿಸಿ ಅಂತ ನಾವಂತೂ ಎಲೆಕ್ಟ್ರಿಕಲ್ ವಿಭಾಗಕ್ಕೆ ಕೇಳಿಕೊಳ್ತಾ ಇದೀವಿ.